ಮಾಂಸ ಬಿಟ್ಟ ಜಾಗಕ್ಕೆ ಬೇಳೆ-ಕಾಳು: ಕಲಬುರಗಿ ಸೀಮೆಯವರು ಸಸ್ಯಾಹಾರಕ್ಕೆ ಹೊರಳುವ ಬಗೆ

ಮಾಂಸಾಹಾರ ಬಿಡಬೇಕೆಂದು ನಿರ್ಧರಿಸಿದ ಹಲವರನ್ನು ನಾನು ನಮ್ಮ ಕಲಬುರಗಿಯಲ್ಲಿ ಬಲ್ಲೆ. ಕೆಲವರಿಗೆ ಅದು ಹರಕೆಯಿಂದ ಅಥವಾ ದೀಕ್ಷೆಯಿಂದ ಬಂದ ನಿರ್ಧಾರ, ಕೆಲವರಿಗೆ ವೈದ್ಯರ ಮಾತಿನಿಂದ, ಇನ್ನು ಕೆಲವರಿಗೆ ಪ್ರಾಣಿಗಳ ಮೇಲಿನ ಕರುಣೆಯಿಂದ. ಕಾರಣ ಯಾವುದೇ ಇರಲಿ, ಅವರಲ್ಲಿ ಅನೇಕರು ನಾಲ್ಕೈದು ತಿಂಗಳಲ್ಲಿ ಕೈಕಾಲಿನಲ್ಲಿ ಶಕ್ತಿಯಿಲ್ಲ, ಉಂಡರೂ ಹೊಟ್ಟೆ ತುಂಬಿದಂತಾಗುವುದಿಲ್ಲ ಎನ್ನುತ್ತ ಹಳೆಯ ಊಟಕ್ಕೆ ಮರಳುತ್ತಾರೆ. ಅವರ ತಟ್ಟೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ: ಮಾಂಸವನ್ನು ತೆಗೆದಿದ್ದಾರೆ, ಆ ಜಾಗದಲ್ಲಿ ಏನನ್ನೂ ಇಟ್ಟಿಲ್ಲ. ಅನ್ನ, ತಿಳಿಸಾರು, ಉಪ್ಪಿನಕಾಯಿ ಇಷ್ಟೇ ಉಳಿದಿದೆ.

ನಾನೂ ಹೀಗೆಯೇ ಎಡವಿದವಳು. ಎಂಟು ವರ್ಷಗಳ ಹಿಂದೆ ಮಾಂಸ, ತತ್ತಿ ಎರಡನ್ನೂ ಒಂದೇ ದಿನ ಬಿಟ್ಟೆ; ಹಾಲಿನ ವಾಸನೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ, ಅದನ್ನೂ ಕುಡಿಯುತ್ತಿರಲಿಲ್ಲ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಅಂಗಾಲಿನಲ್ಲಿ ಜೋಮು ಹಿಡಿಯತೊಡಗಿತು, ನಾಲಿಗೆ ಉರಿಯತೊಡಗಿತು, ಓದಿದ್ದು ನೆನಪಿನಲ್ಲಿ ನಿಲ್ಲದಾಯಿತು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರ ಕಡಿಮೆಯಾಗಿರುವುದು ಕಂಡುಬಂದು, ಇಂಜೆಕ್ಷನ್ ತೆಗೆದುಕೊಳ್ಳಬೇಕಾಯಿತು. ಮೊದಲೇ ಯಾರಾದರೂ ಕೂಡಿಸಿಕೊಂಡು ಹೇಳಿದ್ದರೆ ಈ ಕಷ್ಟವನ್ನು ತಪ್ಪಿಸಬಹುದಿತ್ತು. ಈಗ ಹೊಸದಾಗಿ ಹೊರಳುವವರಿಗೆ ಆ ತೊಂದರೆ ಬರಬಾರದೆಂದು, ಕ್ರಮವಾಗಿ ಏನೇನು ಮಾಡಬೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಾವುದನ್ನು ಬಿಡುತ್ತೀರಿ, ಯಾವುದನ್ನು ಉಳಿಸಿಕೊಳ್ಳುತ್ತೀರಿ

ಸಸ್ಯಾಹಾರ ಎಂಬ ಒಂದೇ ಮಾತಿನಲ್ಲಿ ಹಲವು ಬಗೆಯ ಊಟಗಳಿವೆ. ಹಾಲು, ಮೊಸರು, ತುಪ್ಪ ಉಳಿಸಿಕೊಂಡು ಮಾಂಸ, ಮೀನು, ತತ್ತಿ ಬಿಡುವುದು ನಮ್ಮ ಭಾಗದಲ್ಲಿ ಸಾಮಾನ್ಯವಾದದ್ದು. ತತ್ತಿಯನ್ನು ಉಳಿಸಿಕೊಳ್ಳುವವರಿದ್ದಾರೆ, ಹಾಲನ್ನೂ ಬಿಡುವವರು ಈಗೀಗ ಕಾಣಸಿಗುತ್ತಾರೆ. ನೀವು ಯಾವುದನ್ನು ಆರಿಸಿಕೊಳ್ಳುತ್ತೀರಿ ಎಂಬುದರ ಮೇಲೆ ಮುಂದಿನ ಎಚ್ಚರಿಕೆಗಳೆಲ್ಲ ನಿಂತಿವೆ, ಆದ್ದರಿಂದ ಇದನ್ನು ಮೊದಲೇ ಸ್ಪಷ್ಟಮಾಡಿಕೊಂಡು ಮನೆಯವರಿಗೂ ತಿಳಿಸಬೇಕು. ಧಾರ್ಮಿಕ ಕಟ್ಟುಪಾಡು ಇಲ್ಲದವರು ಮೊದಲ ಆರು ತಿಂಗಳಾದರೂ ತತ್ತಿಯನ್ನು ಉಳಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ದೇಹಕ್ಕೂ ಅಡುಗೆಮನೆಗೂ ಹೊಂದಿಕೊಳ್ಳಲು ಅಷ್ಟು ಸಮಯ ಸಿಗುತ್ತದೆ.

ಎರಡನೆಯ ಹೆಜ್ಜೆ: ಆರಂಭಕ್ಕೆ ಮುನ್ನ ರಕ್ತ ಪರೀಕ್ಷೆ

ಹಿಮೋಗ್ಲೋಬಿನ್, ವಿಟಮಿನ್ ಬಿ12, ಸಾಧ್ಯವಾದರೆ ವಿಟಮಿನ್ ಡಿ, ಈ ಮೂರನ್ನು ಮೊದಲೇ ನೋಡಿಸಿ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮಾಂಸ ತಿನ್ನುವವರಲ್ಲಿಯೂ ಇವು ಕಡಿಮೆ ಇರುವುದು ಅಪರೂಪವಲ್ಲ, ಏಕೆಂದರೆ ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಮಾಂಸದಡುಗೆ ವಾರಕ್ಕೆ ಒಂದೋ ಎರಡೋ ಸಲ ಮಾತ್ರ ಆಗುತ್ತದೆ. ಮೊದಲೇ ಕೊರತೆಯಿದ್ದರೆ ಅದನ್ನು ಸರಿಪಡಿಸಿಕೊಂಡು ಆಮೇಲೆ ಹೊರಳಬೇಕು. ಇಲ್ಲವಾದರೆ ಹಳೆಯ ಕೊರತೆಯ ಹೊಣೆಯೆಲ್ಲ ಹೊಸ ಊಟದ ತಲೆಯ ಮೇಲೆ ಬೀಳುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರಲ್ಲಿ ಬಿ12 ಕುಗ್ಗುವ ಸಂಭವ ಹೆಚ್ಚು. ಎದೆಯುರಿಗೆಂದು ಆಮ್ಲ ತಗ್ಗಿಸುವ ಗುಳಿಗೆಯನ್ನು ದೀರ್ಘಕಾಲ ತೆಗೆದುಕೊಳ್ಳುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರು ಬೇಳೆ-ಕಾಳು ಹೆಚ್ಚಿಸುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು.

ಮೂರನೆಯ ಹೆಜ್ಜೆ: ಕಾಲವನ್ನು ಆರಿಸಿಕೊಳ್ಳುವುದು

ಹೊಸ ಊಟವನ್ನು ಏಪ್ರಿಲ್-ಮೇ ತಿಂಗಳಲ್ಲಿ ಆರಂಭಿಸಬೇಡಿ. ಬಿಸಿಲು 40 ಡಿಗ್ರಿ ದಾಟಿದಾಗ ಹಸಿವೆಯೇ ಆಗುವುದಿಲ್ಲ, ಸಂತೆಯಲ್ಲಿ ಸೊಪ್ಪು ಬಾಡಿರುತ್ತದೆ, ಅದರ ಬೆಲೆಯೂ ಏರಿರುತ್ತದೆ. ನನ್ನ ಅನುಭವದಲ್ಲಿ ಡಿಸೆಂಬರ್-ಜನವರಿ, ಅಂದರೆ ಎಳ್ಳಮಾವಾಸ್ಯೆಯ ಆಸುಪಾಸು, ನಮ್ಮ ಭಾಗದವರಿಗೆ ಅತ್ಯುತ್ತಮ ಕಾಲ. ಹಸಿ ತೊಗರಿಕಾಯಿ, ಹಸಿ ಕಡಲೆ, ಮೆಂತ್ಯ, ಪುಂಡಿಪಲ್ಯ, ಗಜ್ಜರಿ, ಬದನೆಕಾಯಿ ಎಲ್ಲವೂ ಆಗ ಸಂತೆಗೆ ಬರುತ್ತವೆ.

ಆ ಅಮಾವಾಸ್ಯೆಯ ದಿನ ಹೊಲಕ್ಕೆ ಕೊಂಡೊಯ್ಯುವ ಬುತ್ತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಲವು ಕಾಳು ಮತ್ತು ಹಲವು ಸೊಪ್ಪುಗಳನ್ನು ಕೂಡಿಸಿ ಕುದಿಸಿದ ಭಜ್ಜಿ, ಕಡುಬು, ಶೇಂಗಾ ಹಿಂಡಿ (ಚಟ್ನಿಪುಡಿ), ಅಂಬಲಿ. ಮಾಂಸದ ಚೂರೂ ಇಲ್ಲದ ಆ ಊಟದಲ್ಲಿ ಧಾನ್ಯ, ಕಾಳು, ಎಣ್ಣೆಬೀಜ, ಸೊಪ್ಪು ನಾಲ್ಕೂ ಒಟ್ಟಿಗೆ ಬಂದಿವೆ. ಬೇಸಾಯದ ಮನೆಗಳಲ್ಲಿ ಬೆಳೆದವರಿಗೆ ಯಾವ ಪಟ್ಟಿಯೂ ಬೇಕಿಲ್ಲ. ವರ್ಷಕ್ಕೊಂದು ದಿನ ಮಾಡುವ ಈ ಅಡುಗೆಯ ಕ್ರಮವನ್ನು ದಿನದ ಊಟಕ್ಕೆ ತಂದುಕೊಂಡರೆ ಅರ್ಧ ಕೆಲಸ ಮುಗಿಯಿತು.

ನಾಲ್ಕನೆಯ ಹೆಜ್ಜೆ: ಒಂದೊಂದೇ ಹೊತ್ತಿನ ಊಟ ಬದಲಿಸುವುದು

ಮೊದಲ ವಾರ ಏನನ್ನೂ ಬಿಡದೆ, ಯಾವ ದಿನ ಯಾವ ಹೊತ್ತಿಗೆ ಮಾಂಸ ಅಥವಾ ತತ್ತಿ ತಿಂದಿರೆಂದು ಒಂದು ಹಾಳೆಯಲ್ಲಿ ಬರೆದಿಡಿ. ಹೆಚ್ಚಿನವರಿಗೆ ಆ ಹಾಳೆ ಅಚ್ಚರಿ ತರುತ್ತದೆ, ಏಕೆಂದರೆ ವಾರದ ಇಪ್ಪತ್ತೊಂದು ಹೊತ್ತಿನಲ್ಲಿ ಬದಲಿಸಬೇಕಾದವು ನಾಲ್ಕೋ ಐದೋ ಇರುತ್ತವೆ. ಎರಡನೆಯ ವಾರದಿಂದ ವಾರಕ್ಕೊಂದು ಹೊತ್ತನ್ನು ಬದಲಿಸುತ್ತ ಬನ್ನಿ. ಮೊದಲು ಕೆಲಸದ ದಿನಗಳ ತತ್ತಿ-ಆಮ್ಲೆಟ್ಟುಗಳು, ಕೊನೆಗೆ ರವಿವಾರದ ಮಧ್ಯಾಹ್ನ. ರವಿವಾರದ ಊಟದಲ್ಲಿ ರುಚಿಯ ಜೊತೆಗೆ ಮನೆಯವರೆಲ್ಲ ಕೂಡಿ ಕುಳಿತುಕೊಳ್ಳುವ ಸಂತೋಷವೂ ಇರುವುದರಿಂದ ಅದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟ, ಅದಕ್ಕೆ ತಕ್ಕ ಸಿದ್ಧತೆ ಬೇಕು.

ಆ ಸಿದ್ಧತೆಯ ಗುಟ್ಟು ಮಸಾಲೆಯಲ್ಲಿದೆ. ನಾಲಿಗೆ ಬಯಸುವುದರಲ್ಲಿ ದೊಡ್ಡ ಪಾಲು ಸುಟ್ಟ ಉಳ್ಳಾಗಡ್ಡಿ, ಹುರಿದ ಒಣಕೊಬ್ಬರಿ, ಬಳ್ಳೊಳ್ಳಿ ಮತ್ತು ಮಸಾಲಿ ಖಾರದ ರುಚಿ. ಅದನ್ನು ಮಡಕಿ ಕಾಳಿನೊಂದಿಗೆ ಹೀಗೆ ತರಬಹುದು. ಒಂದು ಬಟ್ಟಲು ಮಡಕಿ ಕಾಳನ್ನು ಎಂಟು ತಾಸು ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಚಳಿಗಾಲದಲ್ಲಿ ಮೊಳಕೆಗೆ ಒಂದು ಇಡೀ ದಿನ ಬೇಕು, ಬೇಸಿಗೆಯಲ್ಲಿ ಅರ್ಧ ದಿನ ಸಾಕು, ಹೆಚ್ಚು ಬಿಟ್ಟರೆ ಹುಳಿ ವಾಸನೆ ಬರುತ್ತದೆ. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಒಲೆಯ ಉರಿಯ ಮೇಲೆ ಕಪ್ಪಾಗುವಂತೆ ಸುಟ್ಟು, ಮೇಲಿನ ಸಿಪ್ಪೆ ತೆಗೆದು, ಹುರಿದ ಒಣಕೊಬ್ಬರಿ, ಒಂದು ಚಮಚ ಎಳ್ಳು, ಸ್ವಲ್ಪ ಗಸಗಸೆ, ಬಳ್ಳೊಳ್ಳಿ, ಶುಂಠಿ ಕೂಡಿಸಿ ನುಣ್ಣಗೆ ರುಬ್ಬಬೇಕು. ಶೇಂಗಾ ಎಣ್ಣೆಯಲ್ಲಿ ಈ ಮಸಾಲೆಯನ್ನು ಮನೆಯ ಮಸಾಲಿ ಖಾರದೊಂದಿಗೆ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಹುರಿಯಿರಿ. ಅವಸರ ಮಾಡಿದರೆ ಸಾರಿಗೆ ಹಸಿ ವಾಸನೆ ಉಳಿಯುತ್ತದೆ. ಆಮೇಲೆ ಮೊಳಕೆ ಕಾಳು, ಉಪ್ಪು, ನೀರು ಹಾಕಿ, ಕಾಳು ಮೆತ್ತಗಾದರೂ ಒಡೆಯದಂತೆ ಕುದಿಸಿ, ಇಳಿಸಿದ ಮೇಲೆ ಕೊತ್ತಂಬರಿ ಹಾಕಿ ನಿಂಬೆಹಣ್ಣು ಹಿಂಡಬೇಕು. ಬಿಸಿ ರೊಟ್ಟಿಯನ್ನು ಮುರಿದು ಈ ಸಾರಿನಲ್ಲಿ ನೆನೆಸಿ ತಿಂದ ನನ್ನ ಮಾವನವರು, ಮಾಂಸದ ಸಾರಿಲ್ಲದೆ ರವಿವಾರವೇ ಇಲ್ಲ ಎನ್ನುತ್ತಿದ್ದವರು, ಎರಡನೆಯ ಸಲ ತಾವಾಗಿಯೇ ಕೇಳಿ ಹಾಕಿಸಿಕೊಂಡರು.

ಕಲಬುರಗಿಯ ತಹಾರಿಯನ್ನು (ಮಾಂಸ ಹಾಕಿದ ಮಸಾಲೆ ಅನ್ನ) ಬಿಡಲಾಗದವರು ಮಾಂಸದ ಜಾಗದಲ್ಲಿ ಸೋಯಾ ಚಂಕ್ಸ್ ಬಳಸಬಹುದು. ಬಿಸಿನೀರಿನಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ಮೊಸರು ಮತ್ತು ಮಸಾಲೆಯಲ್ಲಿ ಅರ್ಧ ತಾಸು ಇಟ್ಟ ನಂತರ ಹಾಕಬೇಕು. ಹಿಂಡದೆ ಹಾಕಿದರೆ ಅದರ ವಾಸನೆಯೇ ಇಡೀ ಪಾತ್ರೆಗೆ ಹರಡುತ್ತದೆ. ಎಣಗಾಯಿ, ಝುಣಕ, ಉದುರು ಬ್ಯಾಳಿ, ಪುಂಡಿಪಲ್ಯ ಇವುಗಳ ಬಗ್ಗೆ ಇಲ್ಲಿಯವರಿಗೆ ನಾನು ಹೇಳಬೇಕಾದದ್ದೇನೂ ಇಲ್ಲ.

ಐದನೆಯ ಹೆಜ್ಜೆ: ಪ್ರೋಟೀನಿನ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ ಅದು ಸುಮಾರು 50 ಗ್ರಾಂ ಆಗುತ್ತದೆ. ಇದು ನಮ್ಮ ಊಟದಲ್ಲಿ ಹೇಗೆ ತುಂಬುತ್ತದೆ ಎಂಬುದನ್ನು ನೋಡೋಣ. ಮೂರು ಜೋಳದ ರೊಟ್ಟಿಗೆ ಸುಮಾರು 150 ಗ್ರಾಂ ಹಿಟ್ಟು ಹಿಡಿಯುತ್ತದೆ, ಅದರಿಂದ 15 ಗ್ರಾಂ. ಎರಡೂ ಹೊತ್ತಿಗೆ ಸೇರಿ 60 ಗ್ರಾಂ ತೊಗರಿ ಬೇಳೆಯಿಂದ 13 ಗ್ರಾಂ. 40 ಗ್ರಾಂ ಮಡಕಿ, ಹೆಸರು ಅಥವಾ ಅಲಸಂದಿ ಕಾಳಿನಿಂದ 8 ರಿಂದ 9 ಗ್ರಾಂ. 30 ಗ್ರಾಂ ಶೇಂಗಾದಿಂದ ಮಾಡಿದ ಹಿಂಡಿಯಿಂದ 7 ಗ್ರಾಂ. ಒಂದು ದೊಡ್ಡ ಲೋಟ ಹಾಲು ಅಥವಾ ಅಷ್ಟೇ ಮೊಸರಿನಿಂದ 8 ಗ್ರಾಂ. ಒಟ್ಟು 50 ಗ್ರಾಂ ದಾಟಿತು. ಇದೇ ಲೆಕ್ಕದಲ್ಲಿ ರೊಟ್ಟಿ ತೆಗೆದು ಬಿಳಿ ಅನ್ನ ಇಟ್ಟು, ಬೇಳೆಯ ಬದಲು ತಿಳಿಸಾರು ಇಟ್ಟು, ಹಿಂಡಿಯ ಬದಲು ಉಪ್ಪಿನಕಾಯಿ ಇಟ್ಟರೆ ಪ್ರಮಾಣ ಬಹಳಷ್ಟು ಕುಸಿಯುತ್ತದೆ. ಶಕ್ತಿಯಿಲ್ಲವೆಂದು ದೂರುವವರ ತಟ್ಟೆಯಲ್ಲಿ ನಾನು ಕಂಡದ್ದು ಇದೇ.

ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ತೊಗರಿಯಲ್ಲಿ ಅದು ಹೇರಳ. ತೊಗರಿಯಲ್ಲಿ ಕೊರತೆಯಿರುವ ಮೆಥಿಯೋನಿನ್ ಜೋಳ ಮತ್ತು ಎಳ್ಳಿನಿಂದ ದೊರೆಯುತ್ತದೆ. ಹೀಗೆ ರೊಟ್ಟಿ-ಬ್ಯಾಳಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ, ಮತ್ತು ಎರಡನ್ನೂ ಒಂದೇ ಹೊತ್ತಿನಲ್ಲಿ ತಿನ್ನಬೇಕೆಂಬ ನಿರ್ಬಂಧವೂ ಇಲ್ಲ, ಒಂದೇ ದಿನದೊಳಗೆ ತಿಂದರೆ ಸಾಕು. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತೊಗರಿ ಬೇಳೆ ಬೆಳೆಯುವ ನೆಲದಲ್ಲಿದ್ದು ನಾವು ಪ್ರೋಟೀನ್ ಪುಡಿಯ ಡಬ್ಬಿಗೆ ಸಾವಿರಾರು ರೂಪಾಯಿ ಕೊಡುವುದು ನನಗೆ ನೋವಿನ ಸಂಗತಿ. ಕಟ್ಟಿನ ಸಾರಿಗೆಂದು ಬೇಳೆ ಬಸಿದಾಗ, ಬಸಿದ ಬೇಳೆಯನ್ನು ಉದುರು ಬ್ಯಾಳಿಯಾಗಿ ಅದೇ ಊಟದಲ್ಲಿ ತಿನ್ನಿ. ಕಟ್ಟು ಮಾತ್ರ ಕುಡಿದರೆ ಬೇಳೆ ತಿಂದಂತಾಗುವುದಿಲ್ಲ. ಶೇಂಗಾ ಕೊಳ್ಳುವಾಗ ಬೂಷ್ಟು ಹಿಡಿದ, ಸುಕ್ಕಾದ, ಕಹಿಯಾದ ಕಾಳುಗಳನ್ನು ಆರಿಸಿ ಎಸೆಯಬೇಕು, ಅವುಗಳಲ್ಲಿ ಯಕೃತ್ತಿಗೆ ಹಾನಿ ಮಾಡುವ ಶಿಲೀಂಧ್ರದ ವಿಷ ಇರಬಹುದು.

ಕಾಳು ಹೆಚ್ಚಿಸಿದಾಗ ಮೊದಲ ಎರಡು-ಮೂರು ವಾರ ಹೊಟ್ಟೆ ಉಬ್ಬರಿಸುತ್ತದೆ. ಇದಕ್ಕೆ ಹೆದರಿ ಕಾಳು ಬಿಡಬೇಡಿ. ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದು, ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸುವುದು, ಇಂಗು, ಅಜವಾನ, ಜೀರಿಗೆ ಹಾಕುವುದು, ರಾತ್ರಿಯ ಊಟಕ್ಕೆ ಇಡೀ ಕಾಳಿನ ಬದಲು ಹೆಸರುಬೇಳೆ ಇಟ್ಟುಕೊಳ್ಳುವುದು, ಇಷ್ಟರಿಂದ ಬಹುಪಾಲು ಜನರಿಗೆ ಅಭ್ಯಾಸವಾಗುತ್ತದೆ.

ಆರನೆಯ ಹೆಜ್ಜೆ: ಕಬ್ಬಿಣಾಂಶ

ಮಾಂಸದಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣವನ್ನು ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಶಿಫಾರಸು ಮಾಡಿದ ಪ್ರಮಾಣ ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ, ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ 29 ಮಿಲಿಗ್ರಾಂ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6, ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಸಜ್ಜೆ ರೊಟ್ಟಿ, ಉಳಿದ ಕಾಲದಲ್ಲಿ ಜೋಳದ ರೊಟ್ಟಿ ಮುಖ್ಯ ಆಹಾರವಾಗಿರಲಿ, ಅನ್ನ ಕೊನೆಗೆ ಒಂದಿಷ್ಟು ಇರಲಿ.

ಊಟದಲ್ಲಿ ವಿಟಮಿನ್ ಸಿ ಇದ್ದರೆ ಈ ಕಬ್ಬಿಣ ಹೆಚ್ಚು ಒಗ್ಗುತ್ತದೆ. ಪಲ್ಯದ ಮೇಲೆ ಹಿಂಡಿದ ನಿಂಬೆಹಣ್ಣು, ಊಟದೊಂದಿಗೆ ಕಚ್ಚುವ ಹಸಿ ಟೊಮ್ಯಾಟೊ, ಊಟದ ನಂತರದ ಪೇರಲಹಣ್ಣು ಇದಕ್ಕೆ ಸಾಕು. ಚಹಾ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ, ಅದರಲ್ಲಿನ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಂಡ ಕೂಡಲೇ ಚಹಾ ಕುಡಿಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಕನಿಷ್ಠ ಒಂದು ತಾಸಿನ ಅಂತರ ಇಡಿ. ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ವಿಶೇಷವಾಗಿ ಹೇಳುತ್ತೇನೆ. ಎಲ್ಲರಿಗೂ ಬಡಿಸಿ, ಉಳಿದ ಸಾರಿನಲ್ಲಿ ಅನ್ನ ಕಲಸಿ ಉಂಡು, ಮೇಲೆ ಚಹಾ ಕುಡಿದು ಎದ್ದರೆ ಅವರ ಪಾಲಿಗೆ ಬೇಳೆಯೂ ಇಲ್ಲ, ಸೊಪ್ಪೂ ಇಲ್ಲ. ಮಾಂಸ ಬಿಟ್ಟ ಮನೆಯಲ್ಲಿ ಗಟ್ಟಿ ಪಲ್ಯವನ್ನು ಎಲ್ಲರ ಪಾಲಿಗೂ ಸಮನಾಗಿ ಮೊದಲೇ ತೆಗೆದಿಡುವುದು ಅವಶ್ಯ.

ಬೇಸಿಗೆಗೆಂದು ಚಳಿಗಾಲದಲ್ಲಿಯೇ ಕಡ್ಲಿಪಲ್ಯವನ್ನು (ಕಡಲೆ ಗಿಡದ ಸೊಪ್ಪು) ಒಣಗಿಸಿ ಇಡುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ, ಅದನ್ನು ಪಟ್ಟಣದವರೂ ಮುಂದುವರಿಸಬೇಕು. ಅಗಸಿ ಹಿಂಡಿಯನ್ನು ದಿನಕ್ಕೆ ಒಂದೆರಡು ಚಮಚ ತಿನ್ನುವುದರಿಂದ, ಮೀನು ಬಿಟ್ಟವರಿಗೆ ಒಮೆಗಾ-3 ಕೊಬ್ಬು ಸಸ್ಯರೂಪದಲ್ಲಿ ಸಿಗುತ್ತದೆ. ಅಗಸಿಯನ್ನು ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡೀ ಬೀಜ ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ.

ಏಳನೆಯ ಹೆಜ್ಜೆ: ವಿಟಮಿನ್ ಬಿ12

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ. ಬಿ12 ಯಾವ ಸೊಪ್ಪಿನಲ್ಲಿಯೂ, ಕಾಳಿನಲ್ಲಿಯೂ, ಹಣ್ಣಿನಲ್ಲಿಯೂ ನಂಬಬಹುದಾದ ಪ್ರಮಾಣದಲ್ಲಿ ಇಲ್ಲ. ಮೊಳಕೆ ಕಾಳು, ಹುಳಿ ಬಂದ ಅಂಬಲಿ, ಇಡ್ಲಿ ಹಿಟ್ಟುಗಳಲ್ಲಿ ಅದು ಸಿಗುತ್ತದೆಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಅದನ್ನು ತಯಾರಿಸುವುದು ಕೆಲವು ಬ್ಯಾಕ್ಟೀರಿಯಾಗಳು ಮಾತ್ರ. ನಮಗೆ ಅದು ಮಾಂಸ, ಮೀನು, ತತ್ತಿ, ಹಾಲಿನ ಮೂಲಕ ಬರುತ್ತದೆ. ದಿನಕ್ಕೆ ಬೇಕಾದದ್ದು 2 ರಿಂದ 2.5 ಮೈಕ್ರೋಗ್ರಾಂ ಅಷ್ಟೇ. ಒಂದು ತತ್ತಿಯಲ್ಲಿ ಸುಮಾರು ಅರ್ಧ ಮೈಕ್ರೋಗ್ರಾಂ ಇರುತ್ತದೆ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು. ಚಹಾಕ್ಕೆ ಹಾಕುವ ನಾಲ್ಕು ಚಮಚ ಹಾಲನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಯಕೃತ್ತಿನಲ್ಲಿ ಬಿ12ರ ಸಂಗ್ರಹ ಇರುವುದರಿಂದ ಮಾಂಸ ಬಿಟ್ಟ ಕೂಡಲೇ ಕೊರತೆ ಕಾಣುವುದಿಲ್ಲ. ಮೊದಲಿನ ಸಂಗ್ರಹ ಎಷ್ಟಿತ್ತೆಂಬುದರ ಮೇಲೆ, ಒಂದೆರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲದ ನಂತರ ಕಾಣುತ್ತದೆ. ಅಷ್ಟರಲ್ಲಿ ನನಗೇನೂ ಆಗಿಲ್ಲ ಎಂಬ ಧೈರ್ಯ ಬಂದಿರುತ್ತದೆ. ಸೊಪ್ಪು-ಕಾಳಿನ ಊಟದಲ್ಲಿ ಫೋಲಿಕ್ ಆಮ್ಲ ಸಮೃದ್ಧವಾಗಿ ಇರುವುದರಿಂದ ರಕ್ತಹೀನತೆ ಮರೆಯಾಗಿದ್ದು, ನರಗಳ ಹಾನಿ ಮಾತ್ರ ಸದ್ದಿಲ್ಲದೆ ಮುಂದುವರಿಯಲೂಬಹುದು. ಜೋಮು, ನಾಲಿಗೆಯ ಉರಿ, ಮರೆವು, ನಡೆಯುವಾಗ ತೂಗಾಡಿದಂತಾಗುವುದು ಇವು ಕಂಡರೆ ತಡಮಾಡಬಾರದು, ತಡವಾದರೆ ನರಗಳ ಹಾನಿ ಪೂರ್ತಿ ವಾಸಿಯಾಗದೆ ಉಳಿಯಬಹುದು.

ಹಾಲು-ಮೊಸರನ್ನು ದಿನಕ್ಕೆ ಅರ್ಧ ಲೀಟರಿನಷ್ಟು ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ಅದಕ್ಕಿಂತ ಕಡಿಮೆ ತೆಗೆದುಕೊಳ್ಳುವವರು, ಮತ್ತು ಹಾಲನ್ನೇ ಬಿಟ್ಟವರು, ವೈದ್ಯರು ಹೇಳಿದ ಪ್ರಮಾಣದಲ್ಲಿ ಬಿ12 ಗುಳಿಗೆಯನ್ನು ಕಾಯಂ ಆಗಿ ತೆಗೆದುಕೊಳ್ಳಬೇಕು. ಈ ಗುಳಿಗೆಯಲ್ಲಿನ ಬಿ12 ಬ್ಯಾಕ್ಟೀರಿಯಾಗಳಿಂದ ತಯಾರಾಗುತ್ತದೆ, ಮಾಂಸದಿಂದ ತೆಗೆದದ್ದಲ್ಲ. ಆದರೆ ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಗಳ ಮೂಳೆ-ಚರ್ಮದಿಂದ ಬರುವ ಜೆಲಾಟಿನ್ ಆಗಿರಬಹುದಾದ್ದರಿಂದ, ಔಷಧದ ಅಂಗಡಿಯಲ್ಲಿ ಗುಳಿಗೆಯ ರೂಪದಲ್ಲಿಯೇ ಕೇಳಿ ಪಡೆಯಿರಿ. ಬಸುರಿಯರು, ಬಾಣಂತಿಯರು ಈ ವಿಷಯದಲ್ಲಿ ವೈದ್ಯರ ಸಲಹೆಯಿಲ್ಲದೆ ಏನನ್ನೂ ಬದಲಿಸಬಾರದು. ತಾಯಿಯಲ್ಲಿ ಬಿ12 ಕಡಿಮೆಯಿದ್ದರೆ ಎದೆಹಾಲಿನಲ್ಲಿಯೂ ಕಡಿಮೆಯಾಗಿ, ಮಗುವಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ.

ಎಂಟನೆಯ ಹೆಜ್ಜೆ: ಮನೆ, ನೆರೆಹೊರೆ, ಹೊರಗಿನ ಊಟ

ಮನೆಯಲ್ಲಿ ಉಳಿದವರು ಮಾಂಸ ತಿನ್ನುವವರಾಗಿದ್ದರೆ ಎರಡು ಒಲೆ ಹೂಡುವ ಅವಶ್ಯಕತೆಯಿಲ್ಲ. ರೊಟ್ಟಿ, ಬ್ಯಾಳಿ, ಪಲ್ಯ ಎಲ್ಲರಿಗೂ ಒಂದೇ ಇರಲಿ. ಮಾಂಸದ ಪಾತ್ರೆ, ಸೌಟು ಬೇರೆ ಇಟ್ಟರೆ ಸಾಕು. ರುಬ್ಬಿದ ಮಸಾಲೆಯನ್ನು ಅರ್ಧ ಭಾಗ ಮಾಡಿ, ಒಂದನ್ನು ಕಾಳಿಗೆ, ಇನ್ನೊಂದನ್ನು ಅವರ ಅಡುಗೆಗೆ ಬಳಸುವುದರಿಂದ ಅಡುಗೆ ಮಾಡುವವರ ಶ್ರಮವೂ ಉಳಿಯುತ್ತದೆ. ಮದುವೆ, ಜಾತ್ರೆ, ಬಕ್ರೀದ್ ದಿನಗಳಲ್ಲಿ ಕರೆದವರ ಮನೆಗೆ ಹೋಗುವುದನ್ನು ಬಿಡಬಾರದು. ‘ಒಂದ್ ತುತ್ತು ತಿಂದ್ರ ಏನಾತದ ತಂಗಿ’ ಎಂದು ನೆರೆಮನೆಯ ಭಾಬಿ ಪ್ರೀತಿಯಿಂದ ಒತ್ತಾಯ ಮಾಡಿದಾಗ, ‘ಭಾಬಿ, ಖಂಡ ಬಿಟ್ಟೀನಿ, ಬಗಾರಾ ಅನ್ನ ಇದ್ರ ಎರಡು ಬಟ್ಟಲ ಕೊಡ್ರಿ’ ಎಂದು ನಾನು ಕೇಳಿದೆ. ಆ ವರ್ಷದಿಂದ ಅವರು ನನಗೆಂದೇ ಬೇರೆ ಪಾತ್ರೆಯಲ್ಲಿ ಬಗಾರಾ ಅನ್ನ ಮತ್ತು ದಾಲ್ಚಾ ತೆಗೆದಿಡುತ್ತಾರೆ, ಮಾಂಸ ಹಾಕುವ ಮೊದಲೇ. ನಮ್ಮ ಸೀಮೆಯಲ್ಲಿ ಊಟದ ಹೆಸರಿನಲ್ಲಿ ಜನರನ್ನು ಮೇಲು-ಕೀಳು ಎಂದು ಅಳೆದ ನೋವು ಬಹಳ ಹಳೆಯದು. ನಾವು ಮಾಂಸ ಬಿಟ್ಟೆವೆಂದು ತಿನ್ನುವವರ ಪಾತ್ರೆಯನ್ನಾಗಲಿ, ಪಂಕ್ತಿಯನ್ನಾಗಲಿ ದೂರ ಮಾಡುವುದು ಖಂಡಿತ ತಪ್ಪು.

ಹೊರಗೆ ಉಣ್ಣಬೇಕಾದಾಗ ಖಾನಾವಳಿಗಳು ಎಲ್ಲಕ್ಕಿಂತ ಅನುಕೂಲ: ರೊಟ್ಟಿ, ಎರಡು ಪಲ್ಯ, ಹಿಂಡಿ, ಮೊಸರು ಸಿಗುತ್ತವೆ, ಕಾಳಿನ ಪಲ್ಯವನ್ನು ಇನ್ನೊಮ್ಮೆ ಕೇಳಿ ಹಾಕಿಸಿಕೊಳ್ಳಬಹುದು. ಕಲಬುರಗಿಯ ಶರಣಬಸವೇಶ್ವರ ಗುಡಿಯ ದಾಸೋಹ, ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರ್ ಎರಡರಲ್ಲಿಯೂ ಯಾರು ಬಂದರೂ ಸಸ್ಯಾಹಾರದ ಊಟ ಬಡಿಸುತ್ತಾರೆ. ಪೊಟ್ಟಣದ ತಿನಿಸು ಕೊಳ್ಳುವಾಗ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು ನೋಡಿ ಕೊಳ್ಳಿ. ತತ್ತಿ ಇರುವ ಕೇಕು, ಬಿಸ್ಕತ್ತುಗಳಿಗೆ ಈ ಗುರುತು ಇರುವುದಿಲ್ಲ. ಸಂಜೆಯ ಹಸಿವೆಗೆ ದಿನವೂ ಮಿರ್ಚಿ ಭಜಿ, ಸುಸಲಾ ತಿನ್ನುವ ರೂಢಿ ಬೀಳದಂತೆ ನೋಡಿಕೊಳ್ಳಬೇಕು, ಮಾಂಸ ಬಿಟ್ಟವರ ತೂಕ ಏರುವುದು ಬಹುಮಟ್ಟಿಗೆ ಈ ದಾರಿಯಿಂದ. ಹುರಿದ ಶೇಂಗಾ, ಪುಟಾಣಿ, ಬೇಯಿಸಿದ ಕಡಲೆ ಕೈಯಳತೆಯಲ್ಲಿರಲಿ.

ಎಲ್ಲ ಹೊತ್ತಿನ ಊಟವೂ ಬದಲಾದ ದಿನದಿಂದ ಮೂರು ತಿಂಗಳಿಗೆ ಹಿಮೋಗ್ಲೋಬಿನ್ ಮತ್ತು ಬಿ12ರ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಮೊದಲಿನ ವರದಿಯ ಪಕ್ಕದಲ್ಲಿಟ್ಟು ನೋಡಿ. ಹಿಮೋಗ್ಲೋಬಿನ್ ಇಳಿದಿದ್ದರೆ ಚಹಾದ ಹೊತ್ತು, ನಿಂಬೆಹಣ್ಣು ಮತ್ತು ಅನ್ನ-ರೊಟ್ಟಿಯ ಪ್ರಮಾಣವನ್ನು ಮೊದಲು ಪರಿಶೀಲಿಸಿ, ಎರಡೂ ವರದಿಗಳನ್ನು ಹಿಡಿದು ವೈದ್ಯರ ಬಳಿಗೆ ಹೋಗಿ. ಬಿ12 ಇಳಿದಿದ್ದರೆ ಊಟದಲ್ಲಿ ಸರಿಮಾಡುತ್ತೇನೆಂದು ಕಾಯುತ್ತ ಕೂಡದೆ ಅದೇ ವಾರ ಚಿಕಿತ್ಸೆ ಆರಂಭಿಸಿ.